ದೋಸೆ ದಾರಿಯಲ್ಲಿ ಡಿವಿಜಿ

ಬೆಂಗಳೂರಿನ ಗಾಂಧಿ ಬಜಾರಿಗೆ ಮೊಮ್ಮಗಳ ಜೊತೆ ಹೋಗಿದ್ದೆ. ‘ತಾತ, ಡಿವಿಜಿ ಅಂದ್ರೆ ರಸ್ತೆ ತಾನೆ?’ ಎಂದಳು. ಚುರುಕ್ಕೆಂದಿತು. ರಸ್ತೆಯಲ್ಲ ಪುಟ್ಟಿ, ಡಿ.ವಿ. ಗುಂಡಪ್ಪನವರು! ಮೆಟ್ರಿಕ್ ಪಾಸಾಗದೆಯೂ ‘ಮಂಕುತಿಮ್ಮನ ಕಗ್ಗ’ ಬರೆದವರು. ಕಗ್ಗ ಅಚ್ಚಾದದ್ದು 1943ರಲ್ಲಿ. ಇಲ್ಲಿಯ ವಿದ್ಯಾರ್ಥಿ ಭವನ ಶುರುವಾದದ್ದೂ ಅದೇ ವರ್ಷ.

ಒಳಗೆ ಗರಿಗರಿ ಮಸಾಲೆ ದೋಸೆ, ಗೋಡೆಯ ಮೇಲೆ ಸಾಹಿತಿಗಳ ಚಿತ್ರಗಳು. ಒಂದು ತುತ್ತಿಗೆ ಒಬ್ಬರನ್ನು ಗುರುತಿಸುವುದು ನಮ್ಮ ಆಟ. ನಾನು ಕಾಫಿ ಮುಗಿಸಿದ ಮೇಲೆ ಗವಿಪುರದ ಕಡೆ ನಡೆದೆವು. ‘ಚಿಕವೀರ ರಾಜೇಂದ್ರ’ ಬರೆದ ಮಾಸ್ತಿಯವರು ಬಾಳಿದ ಬಡಾವಣೆ ಅದು.

ಅಜ್ಜ-ಅಜ್ಜಿಯರೇ, ಮೊಣಕಾಲು ಒಪ್ಪಿದಷ್ಟು ದೂರ ನಡೆದರೆ ಸಾಕು. ನಾವು ಹೇಳದಿದ್ದರೆ ಮಕ್ಕಳಿಗೆ ಇವರೆಲ್ಲ ಬರೀ ಬೋರ್ಡುಗಳು. ಮಕ್ಕಳೇ, ನಿಮ್ಮ ಬೀದಿಗೆ ಯಾರ ಹೆಸರಿದೆ? ಈ ಭಾನುವಾರ ಕೇಳಿ ನೋಡಿ.