ನಾಚಿಕೆ ಯಾರಿಗೆ ಆಗಬೇಕು?

ಕಳೆದ ದೀಪಾವಳಿಗೆ ಧಾರವಾಡದಿಂದ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದರು. ನಿವೃತ್ತ ಪ್ರಾಧ್ಯಾಪಕರು, ಮಾತಿನಲ್ಲಿ ಗಟ್ಟಿಗರು. ಒಂದು ಕಿಲೋ ಪೇಢೆ ತಂದಿದ್ದರು, ಅದರ ಜೋಡಿ ಒಂದಷ್ಟು ಉಪದೇಶವನ್ನೂ ತಂದಿದ್ದರು. ಫರಾಳದ ತಾಟು ಹಿಡಿದು ಕೂತಾಗ ನನ್ನ ತಮ್ಮನ ಮಗಳು ಎದುರಿನ ಕುರ್ಚಿಯಲ್ಲಿ ಒಂದು ಪುಸ್ತಕ ಓದುತ್ತಿದ್ದಳು. ಬಿ.ಎ. ಮೊದಲ ವರ್ಷ. ಪುಸ್ತಕ ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳದ್ದು, ಆದರೆ ಇಂಗ್ಲಿಷಿನಲ್ಲಿ. ತೇಜಸ್ವಿನಿ ನಿರಂಜನ ಅನುವಾದಿಸಿದ ‘ನೋ ಪ್ರೆಸೆಂಟ್ಸ್ ಪ್ಲೀಸ್’. ಅವಳ ಇಂಗ್ಲಿಷ್ ಪೇಪರಿಗೆ ಮೇಡಂ ಅದನ್ನು ಹಚ್ಚಿದ್ದರು.

ಭಾವ ಪುಸ್ತಕದ ಹೊದಿಕೆ ನೋಡಿದರು, ಚಕ್ಕುಲಿ ಕೆಳಗಿಟ್ಟರು. “ಏನವಾ, ಕನ್ನಡದ ಕತಿ ಇಂಗ್ಲಿಷಿನ್ಯಾಗ ಓದ್ತೀಯಲ್ಲ, ನಾಚಿಕಿ ಆಗೂದಿಲ್ಲೇನು? ನಿಮ್ಮಂಥಾವರಿಂದನ ನೋಡು ಕನ್ನಡ ಹಾಳಾಗೂದು” ಅಂದರು. ಹುಡುಗಿ ಕೆಂಪಾದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಹಳ ಮೆಲ್ಲಗೆ ಕೇಳಿದಳು: “ಮಾಮಾ, ನೀವು ಇದನ್ನ ಕನ್ನಡದಾಗ ಓದೀರೇನು?”

“ನಂದು ಇಕನಾಮಿಕ್ಸು. ಕತಿ ಓದ್ಲಿಕ್ಕೆ ಪುರಸೊತ್ತರ ಎಲ್ಲಿ ಇತ್ತು?” ಅಂದು ಭಾವ ಮಾತು ತಿರುಗಿಸಿ ಡೊಂಬಿವಲಿಯ ರಸ್ತೆಗಳ ತಗ್ಗುಗುಂಡಿಗಳನ್ನು ಬೈಯಲು ಸುರು ಮಾಡಿದರು. ಅವತ್ತು ನಾನೂ ಸುಮ್ಮನಿದ್ದೆ. ಬಂದ ಬೀಗರ ಎದುರು ವಾದ ಯಾಕೆ ಎಂಬ ಮರ್ಯಾದೆ ಒಂದು ಕಾರಣ. ಇನ್ನೊಂದು ಕಾರಣ, ಅವಳು ಅದೇ ಪ್ರಶ್ನೆಯನ್ನು ನನ್ನ ಕಡೆ ತಿರುಗಿಸಿದ್ದರೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಸುಮಾರು ನಲವತ್ತು ವರ್ಷ ಈ ಊರಲ್ಲಿದ್ದೇನೆ. ಈ ಊರಿನ ಬಗ್ಗೆ ನನ್ನ ಭಾಷೆಯಲ್ಲೇ ಬರೆದ ಕತೆಗಳಲ್ಲಿ ಒಂದನ್ನೂ ನಾನು ಓದಿರಲಿಲ್ಲ. ಅವತ್ತು ಆಡದೆ ಉಳಿದ ಮಾತನ್ನು ಈಗ ಆಡುತ್ತೇನೆ. ಭಾವನವರು ಓದಿದರೆ ಸಂತೋಷ, ಸಿಟ್ಟಾದರೂ ಸಂತೋಷ. ನನ್ನ ಮಾತು ಅವರೊಬ್ಬರಿಗಷ್ಟೇ ಅಲ್ಲ, ಊರಲ್ಲಿ ಕೂತು ಹೊರನಾಡಿನ ಮಕ್ಕಳಿಗೆ ಕನ್ನಡದ ಸರ್ಟಿಫಿಕೇಟು ಕೊಡುವ ಎಲ್ಲರಿಗೂ.

ಮೊದಲು ಹುಡುಗಿಯ ವಿಷಯ ಹೇಳಿಬಿಡುತ್ತೇನೆ. ಅವಳು ಬಿ.ಎ.ಗೆ ಹೋಗುತ್ತೇನೆ ಅಂದಾಗ ಮನೆಯಲ್ಲಿ ಜೋರಾಗಿ ವಿರೋಧಿಸಿದವನು ನಾನೇ. ಎಂ.ಕಾಂ. ಓದಿ ಬ್ಯಾಂಕಿನಲ್ಲಿ ಜೀವ ಸವೆಸಿದವನಿಗೆ ಬಿ.ಕಾಂ. ಬಿಟ್ಟರೆ ಬೇರೆ ದಾರಿ ಕಾಣುವುದಿಲ್ಲ. ಅವಳು ಕೇಳಲಿಲ್ಲ. ಬೆಳಗಿನ ಲೋಕಲ್ಲಿನಲ್ಲಿ ಬಾಗಿಲ ಹತ್ತಿರ ಚೀಲ ಎದೆಗಪ್ಪಿಕೊಂಡು ನಿಂತು ಕಾಲೇಜಿಗೆ ಹೋಗುತ್ತಾಳೆ. ಮೊದಲ ಸೆಮಿಸ್ಟರಿನ ಕೊನೆಗೆ ಮೇಡಂ ಎಲ್ಲರಿಗೂ ಎರಡು ಪುಟ ಬರೆದು ತರಲು ಹೇಳಿದ್ದರಂತೆ: ಕಾಲೇಜಿಗೆ ಬಂದ ಮೇಲೆ ಏನನ್ನಿಸಿತು, ಹಚ್ಚಿದ ಪುಸ್ತಕ ಓದಿ ಏನನ್ನಿಸಿತು. ಭಾವ ಊರಿಗೆ ಹೊರಟ ಮರುದಿನ ಅವಳು ಆ ಎರಡು ಪುಟ ತಂದು ನನ್ನ ಮುಂದೆ ಇಟ್ಟಳು. ಇಂಗ್ಲಿಷಿನಲ್ಲಿತ್ತು. ಅದರ ಸಾರಾಂಶ ಹೇಳುತ್ತೇನೆ.

ಕ್ಯಾಂಟೀನಿನಲ್ಲಿ ಮೊದಲ ದಿನ ಎಲ್ಲರೂ ಎಲ್ಲಿಯವಳು ಎಂದು ಕೇಳಿದರಂತೆ. ಡೊಂಬಿವಲಿ ಅಂದಳು. ಅದಲ್ಲ, ಮೂಲ ಎಲ್ಲಿ? ಕರ್ನಾಟಕ. ಓಹೋ ಬೆಂಗಳೂರಾ! ಅವಳು ಬೆಂಗಳೂರು ನೋಡಿದ್ದು ಎರಡು ಮದುವೆಗೆ ಹೋದಾಗ ಮಾತ್ರ. ಮರಾಠಿ ಹುಡುಗಿಯರ ಗುಂಪಿನಲ್ಲಿ ಅವಳ ಮರಾಠಿ ಪೂರ್ತಿ ಅವರದಲ್ಲ, ರಜೆಗೆ ಧಾರವಾಡಕ್ಕೆ ಹೋದರೆ ಅವಳ ಕನ್ನಡ ಕೇಳಿ ದಾಯಾದಿ ಮಕ್ಕಳು ನಗುತ್ತಾರೆ. ಕಾಲೇಜಿನಲ್ಲಿ ಎಲ್ಲರಿಗೂ ಒಂದೊಂದು ಗುಂಪಿದೆ, ಫೆಸ್ಟಿವಲ್ಲಿಗೆ ಒಂದೊಂದು ಹಾಡಿದೆ, ನನಗೆ ಮಾತ್ರ ಹಾಜರಿಪಟ್ಟಿಯಲ್ಲೊಂದು ನಂಬರಿದೆ ಎಂದು ಬರೆದಿದ್ದಳು. ಆಮೇಲೆ ಈ ಪುಸ್ತಕ ಬಂತು. ಇದು ಕನ್ನಡದಿಂದ ಬಂದದ್ದು, ಇಲ್ಲಿ ಕನ್ನಡ ಬಲ್ಲವರು ಯಾರಿದ್ದೀರಿ ಎಂದು ಮೇಡಂ ಕೇಳಿದರಂತೆ. ಕೈ ಎತ್ತಿದ್ದು ಇವಳೊಬ್ಬಳೇ. ಲೇಖಕರ ಹೆಸರನ್ನು ಸರಿಯಾಗಿ ಉಚ್ಚರಿಸಿ ತೋರಿಸು ಅಂದರು, ತೋರಿಸಿದಳು. ಮೂಲ ಪುಸ್ತಕ ತಂದು ಒಂದು ಪುಟ ಓದುತ್ತೀಯಾ ಅಂದರು. ಆಗ ಅವಳು ಕೂತುಬಿಟ್ಟಳು. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ನನ್ನ ಕನ್ನಡಕ್ಕೆ ಒಂದು ಕೆಲಸ ಸಿಕ್ಕಿತ್ತು, ಅದೇ ನಿಮಿಷದಲ್ಲಿ ಅದು ಅರ್ಧ ಎಂದೂ ಗೊತ್ತಾಯಿತು. ಹೀಗೆ ಮುಗಿಸಿದ್ದಳು.

ಹೇಳಿ, ಈ ಹುಡುಗಿ ಕನ್ನಡ ಹಾಳು ಮಾಡಿದಳೋ? ಅವಳಿಗೆ ಕನ್ನಡದ ಕತೆ ತಲುಪಿಸಿದ್ದು ಯಾರು? ಕರ್ನಾಟಕದಲ್ಲೇ ಡಿಗ್ರಿ ಮುಗಿಸಿದ ನಾನಲ್ಲ, ಅವಳಪ್ಪ ಅಲ್ಲ, ಪ್ರಾಧ್ಯಾಪಕರಾದ ಭಾವನೂ ಅಲ್ಲ. ಕನ್ನಡದ ಒಂದಕ್ಷರ ಬಾರದ, ಮುಂಬಯಿಯ ಇಂಗ್ಲಿಷ್ ಮೇಡಂ. ಬಾಗಿಲು ಇಂಗ್ಲಿಷಿನದು ಇರಬಹುದು, ಆದರೆ ಅದನ್ನು ತೆರೆದದ್ದು ಅವರೊಬ್ಬರೇ. ನಾವೆಲ್ಲ ಹೊಸ್ತಿಲ ಮೇಲೆ ಕೂತು ಹೋಳಿಗೆ ತಿನ್ನುತ್ತಿದ್ದೆವು.

ಇನ್ನೊಂದು ಮಾತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಅನುವಾದ ದೀಪಾ ಭಾಸ್ತಿಯವರದು, ಬಹುಮಾನ ಇಬ್ಬರಿಗೂ ಸಮಪಾಲು. ಆವಾಗ ನಮ್ಮ ಊರಿನ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ದಿನ ಅಭಿನಂದನೆ ಬಿಟ್ಟು ಬೇರೇನೂ ಇರಲಿಲ್ಲ. ‘ಕನ್ನಡದ ಹೆಮ್ಮೆ’ ಎಂದು ಬಾವುಟದ ಚಿತ್ರ ಹಾಕಿದವರಲ್ಲಿ ಭಾವನೂ ಇದ್ದರು. ಕಾಯ್ಕಿಣಿಯವರ ಈ ಪುಸ್ತಕಕ್ಕೂ 2018ರ ಸಾಲಿನ ಡಿಎಸ್‌ಸಿ ಬಹುಮಾನ ಬಂದಿದೆ. ಲಂಡನ್ನಿನ ತೀರ್ಪುಗಾರರು ಇಂಗ್ಲಿಷಿನಲ್ಲಿ ಓದಿದರೆ ಹೆಮ್ಮೆ, ಡೊಂಬಿವಲಿಯ ಹುಡುಗಿ ಇಂಗ್ಲಿಷಿನಲ್ಲಿ ಓದಿದರೆ ನಾಚಿಕೆ. ಇದು ಯಾವ ಲೆಕ್ಕ? ಮೂವತ್ತೇಳು ವರ್ಷ ಬ್ಯಾಂಕಿನ ಲೆಕ್ಕ ನೋಡಿದವನಿಗೂ ಇದು ತಾಳೆಯಾಗುವುದಿಲ್ಲ.

ನನ್ನ ತಪ್ಪನ್ನು ಮುಚ್ಚಿಡುವುದಿಲ್ಲ. 1979ರಲ್ಲಿ ಹುಬ್ಬಳ್ಳಿಯಲ್ಲಿ ನಾನು ಬಿ.ಕಾಂ. ಮೊದಲ ವರ್ಷ. ಕನ್ನಡ ಒಂದು ವಿಷಯವಾಗಿತ್ತು. ಪಠ್ಯಪುಸ್ತಕ ಕೊಂಡೆ, ಆದರೆ ಓದಿದ್ದು ಗೈಡು. ‘ಕತೆಯ ನಾಯಕನ ಸ್ವಭಾವ ಚಿತ್ರಣ’, ‘ಶೀರ್ಷಿಕೆಯ ಔಚಿತ್ಯ’, ಹತ್ತು ಹತ್ತು ಮಾರ್ಕಿನವು. ಕತೆ ಓದದೆಯೇ ಅದರ ಶೀರ್ಷಿಕೆ ಹೇಗೆ ಉಚಿತವಾಗಿದೆ ಎಂದು ಒಂದೂವರೆ ಪುಟ ಬರೆಯುವುದನ್ನು ಕಲಿತೆವು. ಒಬ್ಬ ಮಾಸ್ತರರು ಮಾತ್ರ ಗೈಡಿನ ಗೊಡವೆಗೆ ಹೋಗದೆ ತಾವೇ ಗಟ್ಟಿಯಾಗಿ ಕತೆ ಓದುತ್ತಿದ್ದರು. ಒಂದು ಮಧ್ಯಾಹ್ನ ಕತೆ ಮುಗಿಯಲು ಎರಡು ಪುಟ ಇರುವಾಗ ಗಂಟೆ ಬಾರಿಸಿತು. ‘ಐದು ನಿಮಿಷ ಕೂಡ್ರಿಪಾ, ಮುಗಿಸಿಬಿಡತೇನಿ’ ಅಂದರು. ಅಕೌಂಟೆನ್ಸಿ ತರಗತಿಗೆ ತಡವಾಗುತ್ತದೆ ಎಂದು ನಾವೆಲ್ಲ ಎದ್ದು ಹೊರಟೆವು. ಬಾಗಿಲಲ್ಲಿ ತಿರುಗಿ ನೋಡಿದೆ. ಮೊದಲ ಬೆಂಚಿನ ಇಬ್ಬರಿಗಾಗಿ ಅವರು ಓದು ಮುಂದುವರಿಸಿದ್ದರು. ಆ ಕತೆ ಯಾವುದು ಎಂಬುದೂ ಈಗ ನನಗೆ ನೆನಪಿಲ್ಲ. ವರ್ಷದ ಕೊನೆಗೆ ಪುಸ್ತಕವನ್ನು ಅರ್ಧ ಬೆಲೆಗೆ ಮಾರಿದೆ. ಹೊಸದರ ಹಾಗೇ ಇದೆ ಎಂದು ಕೊಂಡವನು ಖುಷಿಪಟ್ಟ.

1986ರಲ್ಲಿ ವರ್ಗವಾಗಿ ಮುಂಬಯಿಗೆ ಬಂದೆ. ದಿನಕ್ಕೆ ಎರಡೂವರೆ ತಾಸು ರೈಲಿನಲ್ಲಿ. ಓದಿದ್ದು ಬ್ಯಾಂಕಿನ ಸರ್ಕ್ಯುಲರು, ಬಡ್ತಿಯ ಪರೀಕ್ಷೆಯ ಪುಸ್ತಕ. ಅದೇ ಊರಲ್ಲಿ ಯಶವಂತ ಚಿತ್ತಾಲರು ಇದ್ದರು. ಅವರ ‘ಶಿಕಾರಿ’ 1979ರಲ್ಲೇ, ನಾನು ಗೈಡು ಉರು ಹೊಡೆಯುತ್ತಿದ್ದ ವರ್ಷವೇ, ಬಂದಿತ್ತು. ಮುಂಬಯಿಯ ಕಂಪನಿಯೊಂದರ ಅಧಿಕಾರಿಯ ಮೇಲೆ ಆರೋಪ ಬಂದು ಅವನು ಬೇಟೆಯ ಪ್ರಾಣಿಯಂತಾಗುವ ಕಾದಂಬರಿ. ವ್ಯಾಸರಾಯ ಬಲ್ಲಾಳರು ಇದ್ದರು. ಕಾಯ್ಕಿಣಿಯವರು ಔಷಧ ಕಂಪನಿಯ ಕೆಲಸದಲ್ಲಿದ್ದುಕೊಂಡು ಕತೆ ಬರೆಯುತ್ತಿದ್ದರು. ಇವರು ಯಾರೂ ಪೂರ್ಣಾವಧಿ ಸಾಹಿತಿಗಳಲ್ಲ, ನನ್ನ ಹಾಗೇ ಸಂಜೆ ದಣಿದು ಮನೆಗೆ ಬರುವವರು. ನಾನು ಓದಲಿಲ್ಲ. ಆಫೀಸಿನಲ್ಲಿ ನನ್ನ ಮೇಲೂ ಒಮ್ಮೆ ವಿನಾಕಾರಣ ವಿಚಾರಣೆ ನಡೆಯಿತು, ಎಂಟು ತಿಂಗಳು ನಿದ್ದೆ ಇಲ್ಲ. ಆಗ ಆ ‘ಶಿಕಾರಿ’ ಕೈಯಲ್ಲಿದ್ದಿದ್ದರೆ ಬೇರೇನೂ ಅಲ್ಲದಿದ್ದರೂ ನಾನೊಬ್ಬನೇ ಅಲ್ಲ ಎಂದಾದರೂ ಅನಿಸುತ್ತಿತ್ತು.

ನಮ್ಮ ಸಂಘದಲ್ಲಿ ಪುಸ್ತಕ ಇರಲಿಲ್ಲವೇ? ಇತ್ತು. ಎರಡು ಗೋದ್ರೇಜ್ ಕಪಾಟು ತುಂಬ. ಕೀಲಿ ಕಾರ್ಯದರ್ಶಿಗಳ ಹತ್ತಿರ, ಕಾರ್ಯದರ್ಶಿಗಳು ಆರು ತಿಂಗಳು ಅಮೆರಿಕದಲ್ಲಿ ಮಗನ ಹತ್ತಿರ. ರಾಜ್ಯೋತ್ಸವಕ್ಕೆ ಮಾತ್ರ ತಪ್ಪದೆ ಆರ್ಕೆಸ್ಟ್ರಾ.

ಬ್ಯಾಂಕಿನವರ ಒಂದು ನಿಯಮ ಹೇಳುತ್ತೇನೆ, ಬೇಸರಿಸಬೇಡಿ. ಉಳಿತಾಯ ಖಾತೆಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಗ್ರಾಹಕ ತಾನಾಗಿ ಯಾವ ವ್ಯವಹಾರವನ್ನೂ ಮಾಡದಿದ್ದರೆ ಅದು ನಿಷ್ಕ್ರಿಯ ಖಾತೆ. ‘ಬಡ್ಡಿ ಜಮಾ ಆಗ್ತಾನೇ ಇದೆಯಲ್ರೀ’ ಎಂದು ಕೌಂಟರಿಗೆ ಬಂದು ಜಗಳ ತೆಗೆಯುವವರು ಬಹಳ. ಬಡ್ಡಿ ಲೆಕ್ಕಕ್ಕಿಲ್ಲ ಸ್ವಾಮಿ, ಅದು ಬ್ಯಾಂಕು ಹಾಕಿದ್ದು. ನೀವು ಬಂದು ನೂರು ರೂಪಾಯಿ ಕಟ್ಟಿ, ಇಲ್ಲವೇ ತೆಗೆಯಿರಿ. ನಮ್ಮ ಕನ್ನಡದ ಖಾತೆಯೂ ಹೀಗೇ ಆಗಿದೆ. ನವೆಂಬರಿನ ಭಾಷಣ, ಪ್ರಶಸ್ತಿಯ ಸುದ್ದಿ, ಎಂಟು ಜ್ಞಾನಪೀಠಗಳ ಎಣಿಕೆ, ಇವೆಲ್ಲ ಜಮಾ ಆಗುವ ಬಡ್ಡಿ. ಒಂದು ಪುಸ್ತಕ ತೆಗೆದು ಓದಿದವರು ಎಷ್ಟು ಮಂದಿ?

ಊರಿನವರು ಇದಕ್ಕೆ ಹೊರತು ಅಂದುಕೊಳ್ಳಬೇಡಿ. 2021ರಲ್ಲಿ ಕರ್ನಾಟಕ ಸರಕಾರ ಡಿಗ್ರಿ ತರಗತಿಗಳಿಗೆ ಕನ್ನಡ ಕಡ್ಡಾಯ ಮಾಡಿತು, ವಿಷಯ ಹೈಕೋರ್ಟಿನವರೆಗೆ ಹೋಯಿತು. ಬೇಕು ಅನ್ನುವವರೂ ಬೇಡ ಅನ್ನುವವರೂ ಪತ್ರಿಕೆಗಳಲ್ಲಿ ಬರೆದದ್ದನ್ನು ಇಲ್ಲಿ ಕೂತು ಆಸಕ್ತಿಯಿಂದ ಓದಿದೆ. ಯಾರಿಗೆ ಕಡ್ಡಾಯ, ಎಷ್ಟು ಸೆಮಿಸ್ಟರು, ಹೊರರಾಜ್ಯದವರಿಗೆ ವಿನಾಯಿತಿಯೋ ಅಲ್ಲವೋ. ಸರಿ, ಇವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಹದಿನೆಂಟರ ಹುಡುಗನ ಕೈಗೆ ಯಾವ ಪುಸ್ತಕ ಕೊಡುತ್ತೀರಿ, ಅದನ್ನು ಅವನು ನಿಜವಾಗಿ ಓದುವಂತೆ ಹೇಗೆ ಮಾಡುತ್ತೀರಿ ಎಂಬ ಜಗಳ ನನ್ನ ಕಣ್ಣಿಗೆ ಬೀಳಲಿಲ್ಲ. ಭಾವನವರ ಮೊಮ್ಮಗ ಬೆಂಗಳೂರಿನಲ್ಲಿ ಬಿ.ಕಾಂ. ಓದುತ್ತಾನೆ. ಕನ್ನಡದಲ್ಲಿ ಏನು ಹಚ್ಚಿದ್ದಾರಪ್ಪಾ ಎಂದು ಫೋನಿನಲ್ಲಿ ಕೇಳಿದೆ. “ಅಂಕಲ್, ಪಿಡಿಎಫ್ ನೋಟ್ಸ್ ಇದೆ, ಹಿಂದಿನ ದಿನ ನೋಡ್ಕೊಂಡ್ರೆ ಸಾಕು” ಅಂದ. ನನ್ನ ಗೈಡಿಗೆ ನಲವತ್ತಾರು ವರ್ಷದಲ್ಲಿ ಆದ ಪ್ರಗತಿ ಇಷ್ಟೇ. ಅವನು ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಅಕ್ಷರವೂ ಬರುತ್ತದೆ. ಹಾಗಾಗಿ ಅವನನ್ನು ಯಾರೂ ಬೈಯುವುದಿಲ್ಲ.

ಹಚ್ಚಿದ ಪುಸ್ತಕ ಅಂದರೆ ಒತ್ತಾಯ, ಒತ್ತಾಯದಿಂದ ಸಾಹಿತ್ಯಪ್ರೀತಿ ಹುಟ್ಟುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಹಚ್ಚದಿದ್ದರೆ ನಮ್ಮ ಹುಡುಗಿ ಆ ಪುಸ್ತಕವನ್ನು ಮುಟ್ಟುತ್ತಲೇ ಇರಲಿಲ್ಲ. ಮದುವೆಯ ಕುದುರೆ ವರನನ್ನು ಹೊತ್ತುಕೊಂಡೇ ಓಡಿಹೋಗುವ ಕತೆ ಓದಿದ ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದು “ದೊಡ್ಡಪ್ಪ, ಇದು ನಮ್ಮ ಗಲ್ಲೀದ ಸ್ಟೋರಿ ಅದ!” ಎಂದು ಕುಣಿಯುತ್ತಲೂ ಇರಲಿಲ್ಲ. ಮೇಡಂ ಸ್ವಭಾವ ಚಿತ್ರಣ ಕೇಳಲಿಲ್ಲ, ನಿನಗೇನನ್ನಿಸಿತು ಎಂದು ಕೇಳಿದರು. ಅದಕ್ಕೆ ಗೈಡು ಸಿಗುವುದಿಲ್ಲ.

ಇಂಗ್ಲಿಷಿನಲ್ಲಿ ಎಲ್ಲ ಸಿಕ್ಕಿತೇ? ಇಲ್ಲ ಎಂದು ಅವಳೇ ಹೇಳುತ್ತಾಳೆ. ಅದಕ್ಕೇ ಮೂಲ ಬೇಕು ಅಂದಳು. ‘ದಗಡೂ ಪರಬನ ಅಶ್ವಮೇಧ’ವನ್ನು ಧಾರವಾಡದ ಗೆಳೆಯರೊಬ್ಬರು ಹುಡುಕಿ ಅಂಚೆಯಲ್ಲಿ ಕಳಿಸಿದರು. ಈಗ ರಾತ್ರಿ ಊಟವಾದ ಮೇಲೆ ನಾನು ಗಟ್ಟಿಯಾಗಿ ಓದುತ್ತೇನೆ, ಅವಳು ಇಂಗ್ಲಿಷ್ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೇಳುತ್ತಾಳೆ. ಮೊದಲ ವಾರ ನಾನು ಸರ್ಕ್ಯುಲರಿನ ಹಾಗೆ ಓದುತ್ತಿದ್ದೆ. “ಸಾವಕಾಶ ಓದ್ರಿ ದೊಡ್ಡಪ್ಪ, ಟ್ರೇನ್ ತಪ್ಪೂದಿಲ್ಲ” ಅಂದಳು. ಗೋಡೆಯ ಕನ್ನಡ ಕ್ಯಾಲೆಂಡರಿನಿಂದ ಅಕ್ಷರ ಕಲಿಯುತ್ತಿದ್ದಾಳೆ. ವಾರದ ಹೆಸರು ಮುಗಿದಿವೆ, ಮ ಮತ್ತು ವ ಇನ್ನೂ ಅದಲು ಬದಲು.

ಭಾವನವರು ಯುಗಾದಿಗೆ ಮತ್ತೆ ಬರುವವರಿದ್ದಾರೆ. ಏನು ತರಲಿ ಎಂದು ಫೋನು ಮಾಡಿದ್ದರು. ‘ಶಿಕಾರಿ’ ತನ್ನಿ ಅಂದೆ. ಎಲ್ಲಿ ಸಿಗತದ ಅದು, ಎಂದು ಕೇಳಿದರು. ಸುಭಾಸ ರೋಡಿನಲ್ಲಿ ವಿಚಾರಿಸಿ, ರೈಲಿನಲ್ಲಿ ಹಾದಿ ದೂರದ್ದು, ಬರುವಾಗ ಮೊದಲ ಐವತ್ತು ಪುಟ ನೀವೇ ಓದಿಕೊಂಡು ಬನ್ನಿ, ಹುಡುಗಿ ಪ್ರಶ್ನೆ ಕೇಳುತ್ತಾಳೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ “ಪೇಢೆ ಬ್ಯಾಡೇನು ಹಂಗಾರ?” ಅಂದರು.