ಹಳೆಯ ಜೀಪಿನ ಕೆಂಪು ದೀಪ

ಕೊಯ್ಲಿಗೆ ಇನ್ನು ಎರಡು ತಿಂಗಳೂ ಇಲ್ಲ. ಅರೇಬಿಕಾ, ಅದರ ಬೆನ್ನಿಗೇ ರೊಬಸ್ಟಾ, ನಡುವೆ ಅಡಿಕೆ ಕೊನೆ ತೆಗೆಯುವ ಕೆಲಸ. ಆಳುಗಳನ್ನು ಕರೆತರುವುದರಿಂದ ಹಿಡಿದು ಚೀಲ ಸಾಗಿಸುವವರೆಗೆ ನಮ್ಮಂತಹ ಸಣ್ಣ ಬೆಳೆಗಾರರ ಭಾರವೆಲ್ಲ ಬೀಳುವುದು ಹಳೆಯ ಡೀಸೆಲ್ ಜೀಪಿನ ಮೇಲೆ. ರೊಬಸ್ಟಾ ದರ ದಾಖಲೆ ಮುಟ್ಟಿದ 2024ರಲ್ಲಿ ಹೊಸ ವಾಹನ ಕೊಂಡವರಿದ್ದಾರೆ, ಸಂತೋಷ. ಉಳಿದವರಿಗಾಗಿ ಈ ಮಾತು.

ಘಾಟಿ ಹತ್ತಿ ಬಂದು ನಿಲ್ಲಿಸಿದಾಗ ಆಯಿಲ್ ದೀಪ ಮಿಣುಕುತ್ತದೆ. "ಬಿಸಿಯಾದಾಗ ಹಾಗೇ ಸ್ವಾಮಿ, ಆಕ್ಸಿಲರೇಟರ್ ಒತ್ತಿದರೆ ಹೋಗುತ್ತೆ" ಎನ್ನುತ್ತಾರೆ. ಹೋಗುತ್ತದೆ ನಿಜ, ಆದರೆ ರೋಗ ಹೋಗುವುದಿಲ್ಲ.

ಆಯಿಲ್ ಪಂಪು ಎಣ್ಣೆಯನ್ನು ತಳ್ಳುತ್ತದೆ ಅಷ್ಟೆ. ಒತ್ತಡ ಹುಟ್ಟುವುದು ಬೇರಿಂಗುಗಳ ಕಿರಿದಾದ ಸಂದಿನಲ್ಲಿ ಎಣ್ಣೆಗೆ ಸಿಗುವ ತಡೆಯಿಂದ. ಸ್ಪ್ರಿಂಕ್ಲರಿನ ನಾಜಲ್ ಸವೆದರೆ ಪಂಪು ಸರಿಯಿದ್ದರೂ ನೀರು ದೂರ ಹಾರದು, ಹಾಗೆಯೇ ಇದು. ಬೇರಿಂಗ್ ಸವೆದು ಸಂದು ದೊಡ್ಡದಾದಾಗ, ಬಿಸಿಗೆ ತೆಳುವಾದ ಎಣ್ಣೆ ಸಲೀಸಾಗಿ ಜಾರಿಹೋಗುತ್ತದೆ. ಐಡಲಿನಲ್ಲಿ ಪಂಪೂ ನಿಧಾನ. ಆದ್ದರಿಂದಲೇ ಮೊದಲ ಸೂಚನೆ ಅಲ್ಲಿ ಕಾಣುತ್ತದೆ.

ಇದಕ್ಕೆ ಊರಿನಲ್ಲಿ ಎರಡು ಮದ್ದು ಪ್ರಚಾರದಲ್ಲಿವೆ. ಒಂದು, ಗೇರ್ ಆಯಿಲ್ ಬೆರೆಸಿ ಎಣ್ಣೆ ಮಂದ ಮಾಡುವುದು. ಇದನ್ನು ನಾವು ಖಂಡಿತ ಒಪ್ಪುವುದಿಲ್ಲ. ಡಿಸೆಂಬರಿನ ಚಳಿಗೆ ಅಂತಹ ಎಣ್ಣೆ ಮೇಲಿನವರೆಗೆ ಏರುವಷ್ಟರಲ್ಲಿ ಇಂಜಿನ್ ಒಣಗಿಯೇ ತಿರುಗಿರುತ್ತದೆ. 20ಡಬ್ಲ್ಯೂ-40 ಹಾಕುತ್ತಿದ್ದವರು 20ಡಬ್ಲ್ಯೂ-50 ಹಾಕಿ ಕೆಲವು ತಿಂಗಳು ದೂಡಬಹುದು, ಅಷ್ಟೆ. ಇನ್ನೊಂದು, ರಿಲೀಫ್ ವಾಲ್ವಿನ ಸ್ಪ್ರಿಂಗಿಗೆ ವಾಷರ್ ಕೊಡುವುದು. ಬೇರಿಂಗ್ ಸವೆದ ಇಂಜಿನ್ನಿನಲ್ಲಿ ಆ ವಾಲ್ವು ಐಡಲಿನಲ್ಲಿ ಹೇಗೂ ಮುಚ್ಚಿಯೇ ಇರುತ್ತದೆ. ಮುಚ್ಚಿದ ಬಾಗಿಲಿಗೆ ಮತ್ತೊಂದು ಅಗುಳಿ ಹಾಕಿ ಏನು ಫಲ?

ಹಾಗೆಂದು ಎಲ್ಲಕ್ಕೂ ಬೇರಿಂಗನ್ನೇ ದೂರಬೇಕಾಗಿಲ್ಲ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ. ಎಣ್ಣೆ ಕಡಿಮೆಯಿದ್ದರೆ ಕಡಿದಾದ ಏರಿನಲ್ಲಿ ಅದು ಸಂಪಿನ ಹಿಂದಕ್ಕೆ ಸರಿದು ಪಂಪು ಗಾಳಿ ಎಳೆಯುತ್ತದೆ. ಎಣ್ಣೆ ಹಾಕದೆಯೇ ಮಟ್ಟ ಏರಿದ್ದರೆ ಡೀಸೆಲ್ ಅಥವಾ ನೀರು ಸೇರುತ್ತಿದೆ. ಮೂಸಿ ನೋಡಿ, ಹಾಲು ಬೆರೆತಂತೆ ಬೆಳ್ಳಗಿದೆಯೇ ಗಮನಿಸಿ. ದೀಪದ ಸ್ವಿಚ್ಚೇ ಕೆಟ್ಟಿರುವುದೂ ಉಂಟು. ಸ್ವಿಚ್ಚು ಬಿಚ್ಚಿ ಅದೇ ತೂತಿಗೆ ಗೇಜು ಜೋಡಿಸಿ ಇಂಜಿನ್ ಬಿಸಿಯಾದ ಮೇಲೆ ಓದಿದರೆ ಸಂಶಯ ತೀರುತ್ತದೆ. ಸಾವಿರ ಸುತ್ತಿಗೆ 10 ಪೌಂಡು ಎಂಬುದು ಹಳೆಯ ಮೇಸ್ತ್ರಿಗಳ ಲೆಕ್ಕ. ಆಯಾ ವಾಹನದ ಕೈಪಿಡಿಯ ಅಂಕಿಯೇ ಅಂತಿಮ. ದೀಪ ಹತ್ತುವುದು ಒತ್ತಡ ತೀರಾ ಕುಸಿದಾಗ ಮಾತ್ರ ಎಂಬುದು ನೆನಪಿರಲಿ.

ಗೇಜು ಕಡಿಮೆ ತೋರಿಸಿದರೆ ಕೊಯ್ಲು ಮುಗಿದು ದುಡ್ಡು ಬರಲೆಂದು ಕಾಯುವುದು ಲಾಭವಲ್ಲ. ಕ್ರ್ಯಾಂಕಿಗೆ ಗೀರು ಬೀಳುವ ಮೊದಲು ಸಂಪು ಇಳಿಸಿ, ಪಂಪು ಮತ್ತು ಜಾಲರಿ ಪರೀಕ್ಷಿಸಿ ಬೇರಿಂಗ್ ಬದಲಿಸುವ ಖರ್ಚು ಒಂದು. ಕ್ರ್ಯಾಂಕ್ ಇಳಿಸಿ ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ ಹಾಕಿಸುವ ಖರ್ಚೇ ಬೇರೆ. ಅದರ ಮೇಲೆ ಕೊಯ್ದ ಹಣ್ಣು ಸಾಗದೆ ಕಣದಲ್ಲೇ ಹುಳಿಯುವ ನಷ್ಟವನ್ನು ಯಾವ ಗ್ಯಾರೇಜೂ ಬಿಲ್ಲಿನಲ್ಲಿ ಬರೆಯುವುದಿಲ್ಲ. ಆಕ್ಸಿಲರೇಟರ್ ಒತ್ತಿದರೂ ದೀಪ ಆರದಿದ್ದರೆ ಬದಿಗೆ ಹಾಕಿ ಇಂಜಿನ್ ಬಂದ್ ಮಾಡಿ, ಗ್ಯಾರೇಜಿಗೆ ಎಳೆಸಿಯೇ ಒಯ್ಯಿರಿ. ಇಳಿಜಾರಿನಲ್ಲಿ ಬಂದ್ ಮಾಡಿ ಉರುಳಿಸುವ ಸಾಹಸ ಬೇಡ, ಬ್ರೇಕು ಗಟ್ಟಿಯಾಗಿ ಕೈಕೊಡುತ್ತದೆ.

ಪ್ರತಿಯೊಬ್ಬರೂ ಗೇಜು ಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಸಂಘದ ಗೋದಾಮಿನಲ್ಲಿ ಒಂದು ಗೇಜು, ಬೇರೆಬೇರೆ ಅಳತೆಯ ನಾಲ್ಕು ಅಡಾಪ್ಟರ್ ಇಟ್ಟು ಸದಸ್ಯರಿಗೆ ಸರದಿಯ ಮೇಲೆ ಕೊಡಬಹುದು. ಮುಂದಿನ ಸಭೆಯಲ್ಲಿ ಇದನ್ನು ಮಂಡಿಸುತ್ತೇವೆ. ಮೂರು ದಿನದೊಳಗೆ ಹಿಂದಿರುಗಿಸಬೇಕೆಂಬ ನಿಯಮವೂ ಇರಲಿ. ಎರವಲು ಹೋದ ಸ್ಪ್ರೇಯರ್ ಲ್ಯಾನ್ಸುಗಳ ಗತಿ ಗೇಜಿಗೆ ಬರುವುದು ಬೇಡ.