ರಾಜನನ್ನು ಜೇಬಿಗೆ ಹಾಕ್ಕೋಬೇಡಿ ಸ್ವಾಮಿ

ನಮ್ಮ ಆಫೀಸಲ್ಲಿ ಊಟ ಆದ್ಮೇಲೆ ಚೆಸ್ ಆಡೋ ಒಂದು ಗುಂಪಿದೆ. ಐದೈದು ನಿಮಿಷದ ಬ್ಲಿಟ್ಜ್. ಮೊನ್ನೆ ಹೊಸದಾಗಿ ಸೇರಿದ ಹುಡುಗನೊಬ್ಬ ಗೆಲ್ಲೋ ಸ್ಥಿತಿಯಲ್ಲಿದ್ದ. ಅವಸರದಲ್ಲಿ ತನ್ನ ರಾಜನಿಗೆ ಅಡ್ಡ ನಿಂತಿದ್ದ ಕುದುರೆಯನ್ನೇ ಎತ್ತಿ ನಡೆಸಿ ಗಡಿಯಾರ ಒತ್ತಿಬಿಟ್ಟ. ಎದುರಿಗಿದ್ದವನು ಒಂದು ಮಾತೂ ಆಡದೆ ಆನೆಯಿಂದ ರಾಜನನ್ನು ಹೊಡೆದು, ಎತ್ತಿ ಅಂಗಿ ಜೇಬಿಗೆ ಹಾಕ್ಕೊಂಡ. ಸುತ್ತ ನಿಂತವರೆಲ್ಲ ‘ಹೋ’ ಅಂದ್ರು. ನಾನೂ ಅಂದೆ. ಹುಡುಗ ಮುಖ ಸಣ್ಣ ಮಾಡ್ಕೊಂಡು ಎದ್ದು ಹೋದವನು ಮತ್ತೆ ಆ ಟೇಬಲ್ ಕಡೆ ಬಂದಿಲ್ಲ.

ಆ ‘ಹೋ’ ನನ್ನ ಗಂಟಲಲ್ಲಿ ಇನ್ನೂ ಸಿಕ್ಕಿಕೊಂಡಿದೆ. ಯಾಕಂದ್ರೆ ಅಲ್ಲಿ ತಪ್ಪು ಮಾಡಿದವರು ಇಬ್ಬರು, ಸೋತದ್ದು ಒಬ್ಬನೇ.

ಫಿಡೆ ನಿಯಮಾವಳಿಯ ಮೊದಲನೇ ಕಲಮಿನಲ್ಲೇ ಮೂರು ವಿಷಯಕ್ಕೆ ಅವಕಾಶವಿಲ್ಲ ಅಂತ ಬರೆದಿದೆ. ನಿಮ್ಮ ರಾಜನನ್ನು ದಾಳಿಯಲ್ಲಿ ಬಿಟ್ಟುಹೋಗೋ ಹಾಗಿಲ್ಲ, ನೀವಾಗೇ ದಾಳಿಗೆ ಒಡ್ಡೋ ಹಾಗಿಲ್ಲ, ಎದುರಾಳಿಯ ರಾಜನನ್ನು ಹೊಡೆಯೋ ಹಾಗೂ ಇಲ್ಲ. ಮೊದಲೆರಡು ಎಲ್ಲರಿಗೂ ಬಾಯಿಪಾಠ. ಮೂರನೆಯದನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳಲ್ಲ.

ಇದನ್ನು ಹೇಳಿದ್ರೆ ನಮ್ಮ ತಂಡದ ಬುದ್ಧಿವಂತರು ಒಂದು ವಾದ ಹೂಡ್ತಾರೆ. “ಗುರೂ, ಈ ಚೆಕ್, ಚೆಕ್‌ಮೇಟ್, ಸ್ಟೇಲ್‌ಮೇಟ್ ಎಲ್ಲ ಯಾಕೆ? ರಾಜನನ್ನು ಹೊಡೆದವನು ಗೆದ್ದ, ಅಷ್ಟೇ. ನೋಡ್ಕೊಳ್ಳದೇ ಇದ್ರೆ ಅವನ ಕರ್ಮ. ಕೋಡ್ ಬರೆಯೋಕೂ ಸುಲಭ.” ಕೋಡ್ ವಿಷಯದಲ್ಲಿ ಅವರು ಹೇಳೋದು ನಿಜ. ಎಷ್ಟೋ ಚೆಸ್ ಎಂಜಿನ್‌ಗಳು ರಾಜನ ಚಿಂತೆ ಇಲ್ಲದೆ ಮೊದಲು ಎಲ್ಲಾ ನಡೆಗಳನ್ನೂ ಪಟ್ಟಿ ಮಾಡಿ, ಆಮೇಲೆ ರಾಜ ಸಿಕ್ಕಿಬೀಳೋ ನಡೆಗಳನ್ನು ಜರಡಿ ಹಿಡಿದು ತೆಗೆಯುತ್ತವೆ. ಆ ಜರಡಿಯೇ ಬೇಡ ಅಂದ್ರೆ ಕೆಲಸ ಹಗುರ. ಆದ್ರೆ ನಿಮ್ಮ ಕೋಡ್ ಸಣ್ಣದಾಗಲಿ ಅಂತ ಆಟ ಸಣ್ಣದಾಗಬೇಕಾ?

ಒಂದು ಉದಾಹರಣೆ ನೋಡಿ. ಕಪ್ಪು ರಾಜ ಎ8 ಮನೆಯಲ್ಲಿ ಒಬ್ಬನೇ ಇದ್ದಾನೆ. ಬಿಳಿ ಕಾಲಾಳು ಎ7ರಲ್ಲಿ, ಬಿಳಿ ರಾಜ ಬಿ6ರಲ್ಲಿ. ನಡೆ ಕಪ್ಪಿನದು. ಚೆಕ್ ಇಲ್ಲ, ಆದ್ರೆ ಎಲ್ಲಿಗೆ ಹೋದರೂ ರಾಜ ದಾಳಿಗೆ ಬೀಳ್ತಾನೆ. ಈಗಿನ ನಿಯಮದಲ್ಲಿ ಇದು ಸ್ಟೇಲ್‌ಮೇಟ್, ಡ್ರಾ. ನಿಮ್ಮ ಹೊಸ ನಿಯಮದಲ್ಲಿ ಕಪ್ಪು ತಾನಾಗೇ ಬಲಿಗೆ ನಡೆಯಬೇಕು, ಬಿಳಿ ಹೊಡೀಬೇಕು, ಮುಗೀತು. ಎಲ್ಲಾ ಕಳಕೊಂಡವನು ಕೊನೆಯಲ್ಲಿ ಮೂಲೆಗೆ ಓಡಿ ಅರ್ಧ ಅಂಕ ಉಳಿಸಿಕೊಳ್ಳೋ ವಿದ್ಯೆ ಚೆಸ್‌ನಲ್ಲಿದೆ. ಅಂತ್ಯದಾಟದ ಪುಸ್ತಕಗಳಲ್ಲಿ ಒಂದು ದೊಡ್ಡ ಪಾಲು ಆ ವಿದ್ಯೆಯದೇ. ಅದನ್ನೆಲ್ಲ ರದ್ದಿಗೆ ಹಾಕ್ಬೇಕಾಗುತ್ತೆ.

ಇನ್ನೊಂದು ತಕರಾರು: “ನಿನ್ನ ಒಂಟೆ ಪಿನ್ ಆಗಿದೆ, ಅಲ್ಲಾಡಿದ್ರೆ ನಿನ್ನ ರಾಜನೇ ಹೋಗ್ತಾನೆ. ಹಾಗಿದ್ಮೇಲೆ ಅದರ ದಾರಿಗೆ ನನ್ನ ರಾಜ ಯಾಕೆ ಬರಬಾರದು?” ತಮಾಷೆ ಅಂದ್ರೆ, ಇದಕ್ಕೆ ಉತ್ತರ ಅವರದೇ ನಿಯಮದಲ್ಲಿದೆ. ನಿಮ್ಮ ರಾಜ ಆ ದಾರಿಗೆ ಬಂದ್ರೆ ನನ್ನ ಒಂಟೆ ಅವನನ್ನು ಹೊಡೆಯುತ್ತೆ. ಆಗ ಆಟ ಮುಗೀತು. ಆಮೇಲೆ ನನ್ನ ರಾಜನನ್ನು ಹೊಡೆಯೋಕೆ ನಿಮಗೆ ನಡೆಯೇ ಉಳಿದಿರಲ್ಲ. ಅದಕ್ಕೇ ಪಿನ್ ಆದ ಕಾಯಿಯೂ ದಾಳಿ ಮಾಡ್ತಿರುತ್ತೆ ಅಂತ ಫಿಡೆ ಸ್ಪಷ್ಟವಾಗಿ ಬರೆದಿದೆ.

ತಪ್ಪಿಗೆ ಶಿಕ್ಷೆಯೇ ಬೇಡ ಅಂತ ನಾನು ಹೇಳ್ತಿಲ್ಲ. ಕ್ಲಾಸಿಕಲ್ ಆಟದಲ್ಲಿ ನಿಯಮಬಾಹಿರ ನಡೆ ಆಡಿ ಗಡಿಯಾರ ಒತ್ತಿದ್ರೆ ಹಿಂದಿನ ಸ್ಥಿತಿಗೆ ಹೋಗ್ಬೇಕು, ಮುಟ್ಟಿದ ಕಾಯಿಗೆ ಸರಿಯಾದ ನಡೆ ಇದ್ರೆ ಅದನ್ನೇ ನಡೆಸಬೇಕು, ಎದುರಾಳಿಗೆ ಎರಡು ನಿಮಿಷ ಹೆಚ್ಚುವರಿ ಸಿಗುತ್ತೆ. ಎರಡನೇ ಸಲ ಮಾಡಿದ್ರೆ ಸೋಲು. ಬ್ಲಿಟ್ಜ್‌ನಲ್ಲಿ 2014ರ ನಿಯಮಗಳ ಪ್ರಕಾರ ಒಂದೇ ತಪ್ಪಿಗೆ ಸೋಲಾಗ್ತಿತ್ತು. 2018ರ ನಿಯಮಾವಳಿಯಲ್ಲಿ ಅದೂ ಬದಲಾಗಿದೆ: ಮೊದಲ ತಪ್ಪಿಗೆ ಎದುರಾಳಿಗೆ ಒಂದು ನಿಮಿಷ, ಎರಡನೆಯದಕ್ಕೆ ಸೋಲು. ಅಷ್ಟು ದೊಡ್ಡ ಸಂಸ್ಥೆಯೇ ಒಂದು ಅವಕಾಶ ಕೊಡೋಣ ಅಂದಿರುವಾಗ ನಮ್ಮ ಲಂಚ್ ಟೇಬಲ್‌ಗೆ ಏನು ಬಂತು ದೊಡ್ಡ ರೋಗ?

2017ರ ಡಿಸೆಂಬರ್‌ನಲ್ಲಿ ರಿಯಾದ್‌ನ ವಿಶ್ವ ಬ್ಲಿಟ್ಜ್‌ನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಎರ್ನೆಸ್ಟೊ ಇನಾರ್ಕಿಯೆವ್ ತನ್ನ ರಾಜನಿಗೆ ಚೆಕ್ ಇದ್ದಾಗಲೇ ಅದನ್ನು ತಪ್ಪಿಸದೆ, ಕುದುರೆ ನಡೆಸಿ ಮ್ಯಾಗ್ನಸ್ ಕಾರ್ಲ್‌ಸನ್‌ಗೇ ಚೆಕ್ ಕೊಟ್ಟ. ಕಾರ್ಲ್‌ಸನ್ ತನ್ನ ರಾಜನನ್ನು ಪಕ್ಕಕ್ಕೆ ಸರಿಸಿದ. ತಕ್ಷಣ ಇನಾರ್ಕಿಯೆವ್ ಗಡಿಯಾರ ನಿಲ್ಲಿಸಿ, ಕಾರ್ಲ್‌ಸನ್ ಆಡಿದ್ದೇ ನಿಯಮಬಾಹಿರ ನಡೆ, ಗೆಲುವು ನಂದು ಅಂದ! ತೀರ್ಪುಗಾರರು ಮೊದಲು ಒಪ್ಪಿಯೂಬಿಟ್ರು. ಕಾರ್ಲ್‌ಸನ್ ಪ್ರತಿಭಟಿಸಿದ ಮೇಲೆ, ಅಲ್ಲಿಂದಲೇ ಆಟ ಮುಂದುವರಿಸಿ ಅಂತ ತೀರ್ಮಾನವಾಯ್ತು. ಇನಾರ್ಕಿಯೆವ್ ಆಡಲ್ಲ ಅಂದ, ಅಂಕ ಕಾರ್ಲ್‌ಸನ್‌ಗೆ ಹೋಯ್ತು. ತಾನೇ ಮಾಡಿದ ತಪ್ಪಿನ ಮೇಲೆ ನಿಂತು ಗೆಲುವು ಕೇಳೋದನ್ನು ನಾನಂತೂ ಜಾಣತನ ಅಂತ ಕರೆಯಲ್ಲ.

ನಮ್ಮೂರ ಅರಳಿಕಟ್ಟೆ ಮೇಲೆ ಆಡ್ವಾಗ ಅಂಥ ನಡೆ ಆಡಿದ್ರೆ ದೊಡ್ಡವರು “ಲೇ, ರಾಜನ್ನ ನೋಡ್ಕೊಳ್ಳೋ” ಅಂತಿದ್ರು. ಕಾಯಿ ವಾಪಸ್ ಇಡಬೇಕಿತ್ತು. ಬೈಗುಳ ಬೀಳ್ತಿತ್ತು, ಆಟ ಮುಂದುವರೀತಿತ್ತು. ಈಗ ಮೊಬೈಲ್ ಆ್ಯಪ್‌ನಲ್ಲಿ ಕಲಿತವರಿಗೆ ಬೈಯೋರೂ ಇಲ್ಲ. ತಪ್ಪು ನಡೆ ಆಡಿದ್ರೆ ಕಾಯಿ ತಾನಾಗೇ ಹಿಂದಕ್ಕೆ ಜಾರುತ್ತೆ. ಸಾವಿರ ಆಟ ಆಡಿದವನೂ ನಿಜವಾದ ಬೋರ್ಡಿನ ಮುಂದೆ ಕೂತಾಗ ಮೊದಲ ಸಲ ತನ್ನ ರಾಜನನ್ನು ತಾನೇ ಕಾಯಬೇಕು. ಎಡವೋದು ಸಹಜ. ಆ ಹುಡುಗ ಎಡವಿದ್ದೂ ಹಾಗೇ ಇರಬೇಕು.

ಸೋಮವಾರ ಅವನ ಡೆಸ್ಕಿಗೆ ಹೋಗಿ ಕರೀಬೇಕು ಅಂತಿದ್ದೀನಿ. ಮೊದಲ ತಪ್ಪಿಗೆ ಎದುರಾಳಿಗೆ ಒಂದು ನಿಮಿಷ, ಎರಡನೆಯದಕ್ಕೆ ಸೋಲು, ರಾಜನನ್ನು ಮಾತ್ರ ಯಾರೂ ಮುಟ್ಟೋ ಹಾಗಿಲ್ಲ ಅಂತ ಒಂದು ಚೀಟಿ ಬರೆದು ಟೇಬಲ್‌ಗೆ ಅಂಟಿಸ್ತೀನಿ. ಒಪ್ಪದವರು ಬೇಕಾದ್ರೆ ಕೇರಂ ಆಡಲಿ.